ಹೇಂಟೆ ಒಪ್ಪಿದ ಹುಂಜ

ಆಗೆಲ್ಲ ದೊಡ್ಡ ರಜೆ ಎಂದರೆ ಎಲ್ಲಿಗೋ ಹೋಗುವುದಲ್ಲ, ಮನೆಯಲ್ಲಿ ಒಂದು ಕೆಲಸ ಕೈಗೆ ಬರುವುದು. ಎಪ್ರಿಲ್ ಹತ್ತರಂದು ಶಾಲೆಯಲ್ಲಿ ಪಾಸು, ಫೇಲು ಓದಿ ಹೇಳುತ್ತಿದ್ದರು. ಹನ್ನೊಂದರ ಬೆಳಿಗ್ಗೆ ನನ್ನ ಕೈಯಲ್ಲಿ ಒಂದು ಉದ್ದದ ಕೋಲು ಇರುತ್ತಿತ್ತು. ಆಲೆಟ್ಟಿಯ ನಮ್ಮ ಮನೆಯ ಅಂಗಳದಲ್ಲಿ ಚಾಪೆ ಹಾಸಿ ಅವ್ವ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಅದಕ್ಕೆ ಕೋಳಿ, ಕಾಗೆ ಬಾಯಿ ಹಾಕದ ಹಾಗೆ ಜಗಲಿಯ ಮೂಲೆಯಲ್ಲಿ ಕುಳಿತು ಕಾಯುವುದು ನನ್ನ ಪಾಲಿನ ಕೆಲಸ. ನಿಮ್ಮಲ್ಲಿ ಎಷ್ಟೋ ಮಂದಿ ಹೀಗೆ ಕಾದವರೇ ಇರುತ್ತೀರಿ. ಅರ್ಧ ಒಣಗಿದ ಹಪ್ಪಳವನ್ನು ಬಿಸಿಬಿಸಿ ಚಾಪೆಯಿಂದ ಎಬ್ಬಿಸಿ ತಿಂದು, ಕಾಗೆ ಕೊಂಡುಹೋಯಿತೆಂದು ಹೇಳಿದವರೂ ಇರುತ್ತೀರಿ. ಆ ಹಪ್ಪಳಕ್ಕೆ ಹಲಸಿನ ಹಸಿ ವಾಸನೆ, ಮೆಣಸು, ಕೊತ್ತಂಬರಿ, ಓಲೆ ಚಾಪೆಯ ಬಿಸಿಲು ಎಲ್ಲ ಸೇರಿದ ಒಂದು ರುಚಿ ಇತ್ತು. ಎಣ್ಣೆಗೆ ಬಿದ್ದ ಮೇಲೆ ಆ ರುಚಿ ಉಳಿಯುತ್ತಿರಲಿಲ್ಲ.

ನನಗೆ ಆಗ ಹನ್ನೊಂದು ವರ್ಷ. ಮನೆಯಲ್ಲಿ ಅಪ್ಪ, ಅವ್ವ, ಇನ್ನೂ ತೊಟ್ಟಿಲು ಬಿಡದ ತಮ್ಮ, ಮತ್ತೆ ಅಪ್ಪನ ತಾಯಿ, ನಮ್ಮ ಅಜ್ಜಿ. ಮನೆಯೊಳಗಿನ ಮಾತು ಅರೆಭಾಷೆ. ಅದನ್ನು ಹಾಗೆಯೇ ಬರೆದರೆ ಘಟ್ಟದ ಮೇಲಿನವರಿಗೆ ತೊಡಕಾದೀತು ಎಂದು ಇಲ್ಲಿ ಊರ ಕನ್ನಡಕ್ಕೆ ತಿರುಗಿಸಿದ್ದೇನೆ. ಅಜ್ಜಿ ಕೇಳಿದ್ದರೆ, "ಇದೆಂತ ಪೇಟೆ ಮಾತು" ಎಂದು ಬೈಯುತ್ತಿದ್ದಳು.

ಕೋಳಿಗಳು ಅಜ್ಜಿಯವು. ತೋಟ ಅಪ್ಪನದು, ದನ ಅವ್ವನದು, ಕೋಳಿ ಅಜ್ಜಿಯದು. ಒಬ್ಬರ ವಿಷಯದಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಆ ವರ್ಷ ಹನ್ನೆರಡು ಹೇಂಟೆ, ಎರಡು ಹುಂಜ ಇದ್ದವು. ದೊಡ್ಡ ಹುಂಜ ಕೆಂಪು ಮೈಯವನು. ಕುತ್ತಿಗೆಯಲ್ಲಿ ಬೆಂಕಿ ಬಣ್ಣದ ಗರಿ, ಬಾಲದಲ್ಲಿ ಕುಡುಗೋಲಿನಂತೆ ಬಾಗಿ ಕಪ್ಪುಹಸಿರಾಗಿ ಹೊಳೆಯುವ ಗರಿಗಳು, ತಲೆಯ ಮೇಲೆ ದಾಸವಾಳದಂಥ ಜುಟ್ಟು. ಅಂಗಳದಲ್ಲಿ ಅವನು ಕಾಲಿಡುವ ಠೀವಿ ನೋಡಿ ಅಜ್ಜಿ ಅವನನ್ನು ಪಟೇಲ ಎನ್ನುತ್ತಿದ್ದಳು. ಇನ್ನೊಬ್ಬ ಬೂದು ಚುಕ್ಕೆಯ ಸಣ್ಣ ಹುಂಜ. ಹಿಂದಿನ ಕಾಲದಲ್ಲಿ ಊರ ಪಟೇಲರು ಹೊರಟರೆ ಹತ್ತು ಮಾರು ಹಿಂದೆ ಅವರ ಉಗ್ರಾಣಿ ಕೈಕಟ್ಟಿ ಬರುತ್ತಿದ್ದನಂತೆ. ಇವನು ಹಾಗೆಯೇ ಪಟೇಲನಿಂದ ದೂರ ದೂರವೇ ನಡೆಯುತ್ತಿದ್ದುದರಿಂದ ಇವನ ಹೆಸರು ಉಗ್ರಾಣಿ.

ರಜೆ ಶುರುವಾಗಿ ವಾರವಾಗಿರಬೇಕು, ಹೇಮತ್ತೆ ಬಂದಳು. ಹೇಮತ್ತೆ ಅಪ್ಪನ ಕೊನೆಯ ತಂಗಿ. ಪುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದಳು. ಕೊನೆಯ ಪರೀಕ್ಷೆ ಬರೆದು, ಟ್ರಂಕು, ಹಾಸಿಗೆ ಸಮೇತ ಜೀಪಿನಿಂದ ಇಳಿದಳು. ಅವಳಿಗೆ ಮಂಗಳೂರಿಗೆ ಹೋಗಿ ಎಂಎಸ್ಸಿ ಮಾಡಬೇಕೆಂಬ ಆಸೆ. ಅಜ್ಜಿಗೆ ಅವಳ ಮದುವೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಅಪ್ಪ ಎರಡೂ ಕಡೆಯ ಮಾತಿಗೆ ತಲೆ ಅಲ್ಲಾಡಿಸಿ ತೋಟಕ್ಕೆ ಹೋಗುತ್ತಿದ್ದ.

ಬಂದ ಮರುದಿನ ಹೇಮತ್ತೆ ಕಾಫಿ ಲೋಟ ಹಿಡಿದು ಬಂದು ನನ್ನ ಬದಿಯಲ್ಲಿ ಕುಳಿತಳು.

"ಎಂತ ಮಾಡ್ತಿದ್ದಿ?"

"ಕೋಳಿ ಓಡಿಸ್ತಿದ್ದೇನೆ."

"ಓಡಿಸುದು ಮಾತ್ರವಾ? ನೋಡುದಿಲ್ವಾ?"

"ಕೋಳಿಯಲ್ಲಿ ಎಂತ ನೋಡ್ಲಿಕ್ಕುಂಟು?"

ಅವಳು ಒಳಗೆ ಹೋಗಿ, ಅರ್ಧ ಬರೆದುಳಿದ ಒಂದು ನೋಟ್‌ಬುಕ್ಕು, ಪೆನ್ಸಿಲು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಕಣ್ಣಿಗೆ ಕಂಡದ್ದನ್ನು ಎಡಗಡೆ ಬರೆಯಬೇಕು, ಮನಸ್ಸಿಗೆ ತೋಚಿದ್ದನ್ನು ಬಲಗಡೆ. ಒಂದನ್ನು ಇನ್ನೊಂದಕ್ಕೆ ಬೆರೆಸಬಾರದು ಎಂದಳು. ಮೊದಲ ಕೆಲಸವಾಗಿ, ಪಟೇಲ 'ಕುಕ್ ಕುಕ್ ಕುಕ್' ಎಂದು ಕರೆದಾಗ ಎಷ್ಟು ಹೇಂಟೆ ಓಡಿ ಬರುತ್ತವೆ, ಬಂದಾಗ ಅಲ್ಲಿ ತಿನ್ನಲು ಏನಾದರೂ ಇತ್ತೋ ಇಲ್ಲವೋ, ಇಷ್ಟನ್ನು ಬರೆಯಲು ಹೇಳಿದಳು.

ದಿನಾ ನೋಡುವ ಕೋಳಿಯೇ ಆದರೂ ಬರೆಯಬೇಕೆಂದು ನೋಡತೊಡಗಿದಾಗ ಬೇರೆಯೇ ಕಂಡಿತು. ಪಟೇಲನಿಗೆ ಗೆದ್ದಲೋ, ಅಕ್ಕಿ ಕಾಳೋ ಸಿಕ್ಕಿದರೆ ಅವನು ತಾನು ತಿನ್ನುತ್ತಿರಲಿಲ್ಲ. ಕೊಕ್ಕಿನಿಂದ ಎತ್ತುವುದು, ಬೀಳಿಸುವುದು, ಮತ್ತೆ ಎತ್ತುವುದು, ಕರೆಯುವುದು. ಹೇಂಟೆಗಳು ಸೀರೆ ಎತ್ತಿ ಓಡುವ ಹೆಂಗಸರಂತೆ ಓಡಿ ಬರುತ್ತಿದ್ದವು. ಬಂದವಳು ತಿಂದು ಮುಗಿಸುವಷ್ಟರಲ್ಲಿ ಇವನು ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು ಅವಳ ಸುತ್ತ ಅರ್ಧ ಸುತ್ತು ಬರುತ್ತಿದ್ದ. ಕೆಲವು ಸಲ ಏನೂ ಸಿಗದೆಯೇ ಕರೆಯುತ್ತಿದ್ದ. ಒಂದು ಸಣ್ಣ ಕಲ್ಲನ್ನೋ, ಒಣ ಕಡ್ಡಿಯನ್ನೋ ಎತ್ತಿ ತೋರಿಸುತ್ತಿದ್ದ. ಅಂಥ ಸುಳ್ಳು ಕರೆಗೆ ಪ್ರಾಯದ ಹೇಂಟೆಗಳು ಓಡಿ ಬರುತ್ತಿದ್ದವು. ಕಪ್ಪು ಕಾಲಿನ ಹಳೆಯ ಹೇಂಟೆ ಮಾತ್ರ ಇದ್ದಲ್ಲಿಂದಲೇ ಕತ್ತು ಎತ್ತಿ ನೋಡಿ ಮತ್ತೆ ಕೆದಕಲು ತೊಡಗುತ್ತಿತ್ತು.

ಐದನೆಯ ದಿನವೋ ಆರನೆಯ ದಿನವೋ ನನಗೊಂದು ವಿಚಿತ್ರ ಕಂಡಿತು. ಹಟ್ಟಿಯ ಹಿಂದೆ, ಪಟೇಲನ ಕಣ್ಣಿಗೆ ಬೀಳದ ಕಡೆ, ಉಗ್ರಾಣಿ ನಿಂತಿದ್ದ. ಅವನು ಪಟೇಲನ ಹಾಗೆಯೇ ಕಾಳು ಎತ್ತುತ್ತಿದ್ದ, ಬೀಳಿಸುತ್ತಿದ್ದ, ಕತ್ತನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಆದರೆ ಗಂಟಲಿನಿಂದ ಒಂದು ಸದ್ದೂ ಹೊರಡುತ್ತಿರಲಿಲ್ಲ. ಹತ್ತಿರದಲ್ಲಿದ್ದ ಒಂದು ಹೇಂಟೆ ಅದನ್ನು ನೋಡಿ ಮೆಲ್ಲನೆ ಅವನ ಬಳಿ ಹೋಯಿತು.

ಹೇಮತ್ತೆಗೆ ಹೇಳಿದರೆ ಅವಳು ನಂಬಲಿಲ್ಲ. "ಅದು ಸುಮ್ಮನೆ ತಿನ್ನುವುದನ್ನು ನೀನು ನೋಡಿದ್ದು. ಬಲಗಡೆ ಬರೆಯುವುದನ್ನು ಎಡಗಡೆ ಬರ್ದಿದ್ದಿ."

"ಅಲ್ಲ ಅತ್ತೆ. ತಿನ್ನಲಿಲ್ಲ. ಹೇಂಟೆ ಬಂದು ತಿಂದದ್ದು."

ಮುಖ ಸಣ್ಣ ಮಾಡಿಕೊಂಡು ಕುಳಿತ ನನ್ನನ್ನು ನೋಡಿ ಅವಳೇ ಹಟ್ಟಿಯ ಹಿಂದೆ ಸೌದೆ ರಾಶಿಯ ಮರೆಯಲ್ಲಿ ಹೋಗಿ ಕುಳಿತಳು. ಮೊದಲ ದಿನ ಏನೂ ಕಾಣಲಿಲ್ಲ. ಎರಡನೆಯ ದಿನ ಬಿಸಿಲಿಗೆ ಮುಖ ಕೆಂಪಾಗಿ, ಲಂಗಕ್ಕೆಲ್ಲ ತರಗೆಲೆ ಅಂಟಿಸಿಕೊಂಡು ಓಡಿ ಬಂದಳು. ನಾಲ್ಕು ಸಲ ನೋಡಿದೆ ಎಂದಳು. ಪಟೇಲ ಹತ್ತಿರದಲ್ಲಿದ್ದರೆ ಮಾತ್ರ ಉಗ್ರಾಣಿ ಬಾಯಿ ಮುಚ್ಚುತ್ತಾನೆ, ಪಟೇಲ ತೋಟದ ಆಚೆ ತುದಿಗೆ ಹೋದಾಗ ಅವನೂ ಸಣ್ಣಗೆ ಕರೆಯುತ್ತಾನೆ ಎಂದಳು. ನೋಟ್‌ಬುಕ್ಕು ತೆಗೆದು, 'ಇದನ್ನು ಮೊದಲು ನೋಡಿದವಳು ಸೌಮ್ಯ, ಆರನೇ ತರಗತಿ' ಎಂದು ಬರೆದು ನನ್ನ ಮುಂದೆ ಹಿಡಿದಳು. ಶಾಲೆಯಲ್ಲಿ ಆವರೆಗೆ ನನ್ನ ಹೆಸರನ್ನು ಹಾಜರಿ ಪುಸ್ತಕದಲ್ಲಲ್ಲದೆ ಬೇರೆಲ್ಲೂ ಯಾರೂ ಬರೆದಿರಲಿಲ್ಲ. ಆ ದಿನ ಅವ್ವ ಬಡಿಸಿದ ಗಂಜಿಗೆ ಮಾವಿನ ಉಪ್ಪಿನಕಾಯಿ ಎರಡೆರಡು ಸಲ ಹಾಕಿಸಿಕೊಂಡು ಉಂಡದ್ದು ನೆನಪಿದೆ.

ಅದೇ ಹೊತ್ತಿಗೆ ಅಪ್ಪ ಸುಳ್ಯ ಪೇಟೆಯಿಂದ ಹತ್ತು ಬಿಳಿ ಫಾರಂ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದ. ಬೇಗ ಬೆಳೆಯುತ್ತವೆ, ಹೆಚ್ಚು ಮೊಟ್ಟೆ ಇಡುತ್ತವೆ ಎಂದು ಯಾರೋ ಹೇಳಿದ್ದರಂತೆ. ಕೋಳಿಯ ವಿಷಯದಲ್ಲಿ ಅಪ್ಪ ಬಾಯಿ ಹಾಕಿದ್ದು ಅದೇ ಮೊದಲು. ಅಜ್ಜಿ ಪೆಟ್ಟಿಗೆಯೊಳಗೆ ಇಣುಕಿ ನೋಡಿದಳು.

"ಚಂದ ಉಂಟು," ಎಂದಳು. "ಗಿಡುಗನಿಗೆ ಬಾಳೆಲೆ ಹಾಕಿ ಬಡಿಸಿದ ಹಾಗೆ."

ಹಾಗೆಯೇ ಆಯಿತು. ಆ ದಿನಗಳಲ್ಲಿ ಕಪ್ಪು ಕಾಲಿನ ಹೇಂಟೆಗೂ ಎಂಟು ಮರಿಗಳಿದ್ದವು, ಮಣ್ಣು ಬಣ್ಣದವು, ಬೆನ್ನ ಮೇಲೆ ಗೆರೆ ಇರುವವು. ಮೇಲೆ ಗಿಡುಗ ಸುಳಿದ ಕೂಡಲೇ ಅವುಗಳ ತಾಯಿ ಗಂಟಲಲ್ಲಿ ಒಂದು ಎಳೆದ ಸ್ವರ ತೆಗೆಯುತ್ತಿತ್ತು. ಮರುಕ್ಷಣ ಅಂಗಳದಲ್ಲಿ ಎಂಟು ಮರಿಗಳಿರುತ್ತಿರಲಿಲ್ಲ. ತರಗೆಲೆಯ ನಡುವೆ ಅಡಗಿ ಕೂತರೆ ಹತ್ತಿರ ಹೋದರೂ ಕಾಣುತ್ತಿರಲಿಲ್ಲ. ಬಿಳಿ ಮರಿಗಳಿಗೆ ತಾಯಿ ಇಲ್ಲ, ಆ ಸ್ವರ ಏನೆಂದು ಗೊತ್ತಿಲ್ಲ. ಅವು ಅಂಗಳದ ನಡುವೆ ಒಗೆದು ಹಾಕಿದ ಬಟ್ಟೆಯಂತೆ ಬೆಳ್ಳಗೆ ನಿಂತಿರುತ್ತಿದ್ದವು. ನಾನು ಕೋಲು ಹಿಡಿದು ಎಷ್ಟು ಓಡಾಡಿದರೂ ಹತ್ತು ಹೋಗಿ ಏಳಾಯಿತು, ನಾಲ್ಕಾಯಿತು. ಒಂದನ್ನು ಗಿಡುಗ ನನ್ನ ಕಣ್ಣೆದುರೇ ಎತ್ತಿತು. ನಾನು ಪೆಟ್ಟಿಗೆಯಿಂದ ಇಳಿಸುವಾಗ ನನ್ನ ಬೆರಳನ್ನು ಕುಕ್ಕಿದ ಮರಿ ಅದು. ನನಗೆ ಅಳು ಬಂತು.

ಹೇಮತ್ತೆ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕುಳಿತು ಅಳು ನಿಲ್ಲುವವರೆಗೆ ಕಾದಳು. ಆಮೇಲೆ ಕೇಳಿದಳು, "ಕಪ್ಪು ಕಾಲಿನದ್ದರ ಮರಿ ಎಷ್ಟು ಹೋಯ್ತು?"

"ಒಂದು."

"ಅದು ಯಾವುದು?"

ಯೋಚಿಸಿದೆ. ಎಂಟರಲ್ಲಿ ಒಂದು ಮರಿ ಉಳಿದವುಗಳಿಗಿಂತ ಬಿಳುಚಾಗಿತ್ತು. ಹೋದದ್ದು ಅದೇ.

"ಹಾಗೆ ಉಂಟು ಅದು," ಎಂದಳು ಹೇಮತ್ತೆ. "ಮರಿಗಳಿಗೆ ಮಣ್ಣಿನ ಬಣ್ಣ ಯಾರೂ ಬಳಿದದ್ದಲ್ಲ ಸೌಮ್ಯಾ. ಎಲ್ಲ ಬಣ್ಣದವೂ ಹುಟ್ಟುತ್ತವೆ. ಕಂಡವು ಹೋಗ್ತವೆ, ಕಾಣದವು ಉಳೀತವೆ. ಉಳಿದವು ದೊಡ್ಡದಾಗಿ ಮೊಟ್ಟೆ ಇಡ್ತವೆ, ಅದರ ಮರಿ ಅದರ ಹಾಗೇ. ಲಕ್ಷ ವರ್ಷ ಹೀಗೇ ಆದ್ರೆ ಎಂತ ಉಳೀಬಹುದು ಹೇಳು."

ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ ಅದನ್ನು ಕೇಳಿಸಿಕೊಂಡಳು. "ಇದಕ್ಕೆ ಪುತ್ತೂರಿಗೆ ಹೋಗಿ ಮೂರು ವರ್ಷ ಓದ್ಬೇಕಿತ್ತಾ? ಬಿಳಿ ಕೋಳಿಯ ಮೊಟ್ಟೆ ನಾನು ಕಾವಿಗೆ ಇಡುದೇ ಇಲ್ಲ. ನನ್ನ ಅತ್ತೆಯೂ ಇಡ್ತಿರ್ಲಿಲ್ಲ."

ಹೇಮತ್ತೆ ನಕ್ಕಳು. ನನಗೆ ಮಾತ್ರ ಒಂದು ಸಂಶಯ ಉಳಿಯಿತು. ಎದುರಿಗೇ ಪಟೇಲ ಬಿಸಿಲಲ್ಲಿ ಹೊಳೆಯುತ್ತಾ ನಿಂತಿದ್ದ. "ಹಾಗಾದ್ರೆ ಇವನು ಹೇಗೆ ಉಳಿದದ್ದು ಅತ್ತೆ? ಇವನು ಆಚೆ ಗುಡ್ಡಕ್ಕೂ ಕಾಣ್ತಾನೆ. ಆ ಬಾಲ ಎಳ್ಕೊಂಡು ಓಡ್ಲಿಕ್ಕೂ ಆಗುದಿಲ್ಲ."

ನಿಜವೇ ಆಗಿತ್ತು. ಹಿಂದಿನ ತಿಂಗಳಷ್ಟೇ ಕೀರಿಯೊಂದು ಅವನ ಬಾಲಕ್ಕೆ ಬಾಯಿ ಹಾಕಿ ಎರಡು ಗರಿ ಕಿತ್ತಿತ್ತು.

ಹೇಮತ್ತೆ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಮುಂದಿದೆ. ದೊಡ್ಡವರನ್ನು ನೋಡುವಂತೆ ನೋಡಿದಳು. "ನಮ್ಮ ಕ್ಲಾಸಿನಲ್ಲಿ ಇದನ್ನು ಒಬ್ಬರೂ ಕೇಳ್ಲಿಲ್ಲ," ಎಂದಳು. ಆಮೇಲೆ ನಿಧಾನವಾಗಿ ಹೇಳಿದಳು. ಬದುಕಿ ಉಳಿದರೆ ಮಾತ್ರ ಸಾಕಾಗುವುದಿಲ್ಲ, ಹುಂಜನಿಗೆ ಮರಿಗಳಾಗಬೇಕಾದರೆ ಹೇಂಟೆ ಒಪ್ಪಬೇಕು. ಮೊಟ್ಟೆ ಇಡುವವಳು ಅವಳು, ಇಪ್ಪತ್ತೊಂದು ದಿನ ಹಸಿದು ಕಾವು ಕೂರುವವಳು ಅವಳು, ಹಾಗಾಗಿ ಅವಳು ನೋಡಿ ಆರಿಸುತ್ತಾಳೆ. ಅವಳಿಗೆ ಮಣ್ಣಿನ ಬಣ್ಣ ಬೇಕು, ಗೂಡಿನಲ್ಲಿ ಯಾರಿಗೂ ಕಾಣಬಾರದು. ಹುಂಜನನ್ನು ಆರಿಸುವಾಗ ಮಾತ್ರ ಅವಳು ನೋಡುವುದು ಕೆಂಪು ಜುಟ್ಟನ್ನು. ಹುಳ ಬಿದ್ದ ಹುಂಜನಿಗೆ, ಹೊಟ್ಟೆಗಿಲ್ಲದ ಹುಂಜನಿಗೆ ಅಷ್ಟು ಕೆಂಪು ಬರುವುದಿಲ್ಲ. ಇಷ್ಟು ಭಾರದ ಬಾಲ ಹೊತ್ತೂ ಕೀರಿಯ ಬಾಯಿಂದ ತಪ್ಪಿಸಿಕೊಂಡು ಬದುಕಿದ್ದಾನೆ ಎಂದರೆ ಅವನಲ್ಲಿ ಏನೋ ಗಟ್ಟಿ ಇರಬೇಕು.

"ಹೌದು," ಎಂದಳು ಅಜ್ಜಿ. "ಜುಟ್ಟು ಬಿಳಚಿತು ಅಂದ್ರೆ ಹುಂಜನಿಗೆ ಸೀಕು. ಅಂಥದ್ದರ ಹತ್ತಿರ ಹೇಂಟೆ ಹೋಗುದಿಲ್ಲ. ನನಗೂ ಗೊತ್ತಾಗುವ ಮೊದಲು ಅವಕ್ಕೆ ಗೊತ್ತಾಗ್ತದೆ."

ತಾಯಿ, ಮಗಳು ಒಂದೇ ಮಾತಿಗೆ ತಲೆ ಅಲ್ಲಾಡಿಸಿದ್ದನ್ನು ಆ ರಜೆಯಲ್ಲಿ ನಾನು ನೋಡಿದ್ದು ಅದೊಂದೇ ಸಲ.

ಮೇ ತಿಂಗಳ ನಡುವಿನಲ್ಲಿ ಬಾಬು ಅಜ್ಜ ಬಂದರು. ಅವರು ಅಜ್ಜಿಯ ತಮ್ಮ. ಸಂಬಂಧ ಕುದುರಿಸುವುದರಲ್ಲಿ ಎತ್ತಿದ ಕೈ. ಕಡಬದ ಹತ್ತಿರ ಒಂದು ಒಳ್ಳೆಯ ಮನೆ, ರಬ್ಬರು ತೋಟ, ಸ್ವಂತ ಜೀಪು, ಹೊಸ ತಾರಸಿ ಮನೆ, ಹುಡುಗನಿಗೆ ಯಾವ ಚಟವೂ ಇಲ್ಲ ಎಂದರು. ಭಾನುವಾರ ಹತ್ತು ಗಂಟೆಗೆ ಹುಡುಗಿ ನೋಡಲು ಬರುತ್ತಾರೆ, ಒಪ್ಪಿಗೆಯಾದರೆ ಮಾತ್ರ ಊಟ, ಇಲ್ಲವಾದರೆ ಚಾ ಸಾಕು ಎಂದಿದ್ದಾರೆ ಎಂದೂ ಹೇಳಿದರು.

"ಆಗ್ತದೆ ಒಪ್ಪಿಗೆ," ಎಂದಳು ಅಜ್ಜಿ. "ಊಟಕ್ಕೆ ಪಟೇಲನೇ ಆಗ್ಲಿ. ಅಂಥ ಮನೆಯವರಿಗೆ ಸಣ್ಣ ಕೋಳಿ ಕೊಯ್ಲಿಕ್ಕೆ ಆಗುದಿಲ್ಲ."

ನಾನು ಅಂಗಳದಲ್ಲಿದ್ದ ಪಟೇಲನನ್ನು ನೋಡಿದೆ. ಹೇಮತ್ತೆ ಎದ್ದು ಬಾವಿಕಟ್ಟೆಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಕೊಡಪಾನ ತುಂಬಿಸದೆ ಸುಮ್ಮನೆ ಹಗ್ಗ ಹಿಡಿದು ನಿಂತಿದ್ದಳು.

"ಅತ್ತೆ, ಜೀಪು ಅಂದ್ರೆ ಬಾಲದ ಹಾಗೆಯಾ?"

ಅವಳಿಗೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದು ಮಾತ್ರವಾಗಿರಲಿಲ್ಲ ಎಂದು ಈಗ ಅನಿಸುತ್ತದೆ. "ಹಾಗೆ ಹೇಳ್ಬಾರ್ದು ಮಾರಾಯ್ತಿ. ಮನುಷ್ಯರಿಗೆ ಕೋಳಿಯ ಲೆಕ್ಕ ಹಾಕ್ಲಿಕ್ಕೆ ಆಗುದಿಲ್ಲ. ಆ ಹುಡುಗ ಒಳ್ಳೆಯವನೇ ಇರ್ಬಹುದು. ನನಗೆ ಓದ್ಬೇಕು, ಅಷ್ಟೇ."

"ಅಜ್ಜಿಗೆ ಹೇಳು."

"ಹೇಳಿದ್ದೇನೆ. ಕೇಳ್ಲಿಕ್ಕೆ ಯಾರಾದ್ರೂ ಬೇಕಲ್ಲ."

ಭಾನುವಾರ ಬೆಳಿಗ್ಗೆ ಪಟೇಲನನ್ನು ಹಿಡಿದು, ಹಟ್ಟಿಯ ಬದಿಯಲ್ಲಿ ಬುಟ್ಟಿ ಕವುಚಿ ಹಾಕಿ ಮೇಲೆ ಒಂದು ಕಲ್ಲು ಇಟ್ಟರು. ಅವನಿಲ್ಲದ ಅಂಗಳ ಒಂಥರಾ ಕಾಣುತ್ತಿತ್ತು. ಅವ್ವ ರೊಟ್ಟಿಗೆ ಅಕ್ಕಿ ಅರೆದಿಟ್ಟಿದ್ದಳು, ತೆಂಗಿನಕಾಯಿ ಹುರಿಯುವ ಪರಿಮಳ ಮನೆ ತುಂಬ ಇತ್ತು. ಹತ್ತೂವರೆಗೆ ಜೀಪು ಬಂತು. ಹುಡುಗ, ಅವನ ತಾಯಿ, ಸೋದರಮಾವ, ಮತ್ತೆ ಇಬ್ಬರು ಹೆಂಗಸರು. ಹುಡುಗ ನೋಡಲು ಲಕ್ಷಣವಾಗಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಾತು ಕಡಿಮೆ. ಕೇಳಿದ್ದಕ್ಕೆಲ್ಲ ಅವನ ತಾಯಿ ಉತ್ತರ ಕೊಡುತ್ತಿದ್ದರು.

ಹೇಮತ್ತೆ ಚಾ ತಂದುಕೊಟ್ಟು ಬಾಗಿಲ ಬದಿಯಲ್ಲಿ ಕುಳಿತಳು. ಅಡುಗೆ ಬರುತ್ತದಾ, ರಬ್ಬರ್ ಟ್ಯಾಪಿಂಗಿನವರಿಗೆ ಬೆಳಿಗ್ಗೆ ಬೇಗ ತಿಂಡಿ ಆಗಬೇಕು, ಎಷ್ಟು ಗಂಟೆಗೆ ಏಳುತ್ತಾಳೆ, ದನದ ಕೆಲಸ ಗೊತ್ತುಂಟಾ ಎಂದು ಆ ತಾಯಿ ಕೇಳುತ್ತಾ ಹೋದರು. ಕೇಳುವುದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವರ ಮನೆಗೆ ಬೇಕಾದ್ದನ್ನು ಅವರು ಕೇಳಿದರು. ಹೇಮತ್ತೆ ಒಂದೊಂದಕ್ಕೂ ಸಣ್ಣ ಸ್ವರದಲ್ಲಿ ಉತ್ತರ ಕೊಟ್ಟಳು. ಕೇಳುವುದೆಲ್ಲ ಮುಗಿದ ಮೇಲೆ ಆ ತಾಯಿ ನನ್ನ ಕಡೆ ತಿರುಗಿದರು.

"ನೀನೆಂತ ಮಾಡ್ತಿ ಮಗ, ರಜೆಯಲ್ಲಿ?"

"ಕೋಳಿ ನೋಡ್ತೇನೆ."

"ಕೋಳಿಯಾ? ಎಂತ ನೋಡುದು ಅದರಲ್ಲಿ?"

ಹಟ್ಟಿಯ ಕಡೆಯಿಂದ ಬುಟ್ಟಿಯೊಳಗೆ ರೆಕ್ಕೆ ಬಡಿದ ಸದ್ದು ಕೇಳಿಸಿತು. ನಾನು ಹೇಳಿದೆ, "ಹುಂಜನನ್ನು ಆರಿಸುದು ಹೇಂಟೆ. ಹುಂಜ ಎಷ್ಟು ಚಂದ ಇದ್ರೂ, ಎಷ್ಟು ಕುಣಿದ್ರೂ, ಹೇಂಟೆಗೆ ಮನಸ್ಸಿಲ್ಲದಿದ್ರೆ ಅದು ಹೋಗುದಿಲ್ಲ. ನಮ್ಮ ಅತ್ತೆ ಹೇಳಿಕೊಟ್ಟದ್ದು."

ಅಪ್ಪ ನೆಲ ನೋಡಿದ. ಬಾಬು ಅಜ್ಜ ಲೋಟದಲ್ಲಿ ಚಾ ಮುಗಿದಿದ್ದರೂ ಮತ್ತೊಮ್ಮೆ ಕುಡಿದರು. ಹುಡುಗನ ಸೋದರಮಾವ ಮಾತ್ರ ದೊಡ್ಡದಾಗಿ ನಕ್ಕು, "ಸರಿಯೇ ಅಲ್ವಾ, ಹುಡುಗಿಯನ್ನೂ ಕೇಳ್ಬೇಕಲ್ಲ. ನಿನಗೆ ಎಂತಾದ್ರೂ ಕೇಳ್ಲಿಕ್ಕುಂಟಾ ಮಗಳೇ?" ಎಂದರು. ತಮಾಷೆಗೆ ಹೇಳಿದ್ದೇ ಇರಬೇಕು. ಆದರೆ ಹೇಮತ್ತೆ ತಲೆ ಎತ್ತಿ ನೇರ ಹುಡುಗನನ್ನೇ ನೋಡಿದಳು.

"ನನಗೆ ಮಂಗಳೂರಿನಲ್ಲಿ ಎರಡು ವರ್ಷ ಓದ್ಲಿಕ್ಕುಂಟು. ಆಗ್ತದಾ?"

ಹುಡುಗ ತನ್ನ ತಾಯಿಯ ಮುಖ ನೋಡಿದ. ತಾಯಿ, "ಅದೆಲ್ಲ ಇನ್ನು ಯಾಕೆ? ನಮ್ಮಲ್ಲಿ ಎಂತ ಕಡಿಮೆ ಉಂಟು?" ಎಂದರು. ಹುಡುಗ ಲೋಟ ಕೆಳಗಿಟ್ಟ. ಅವನಿಗೂ ಪಾಪ ಹೇಳಲು ಏನೋ ಇತ್ತೋ ಏನೋ, ಹೇಳಲಿಲ್ಲ. ಅವರು ಹನ್ನೊಂದೂವರೆಗೆ ಎದ್ದರು. ತಿಳಿಸುತ್ತೇವೆ ಎಂದರು. ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ನಾವೆಲ್ಲ ಜಗಲಿಯಲ್ಲೇ ನಿಂತಿದ್ದೆವು.

ಅಪ್ಪ ನನ್ನ ಕಿವಿ ಹಿಡಿದ. "ದೊಡ್ಡವರ ನಡುವೆ ನಿನ್ನದೆಂತ ಮಾತು?" ಅವನು ಹಾಗೆ ಸಿಟ್ಟಾದದ್ದು ಅಪರೂಪ. ಕಿವಿಗಿಂತ ಹೆಚ್ಚಾಗಿ ಅದೇ ನೋಯಿತು. ನಾನು ಆ ಮಾತನ್ನು ಹೇಮತ್ತೆಗಾಗಿ ಹೇಳಿದೆನೋ, ಪಟೇಲನ ಜೀವಕ್ಕಾಗಿ ಹೇಳಿದೆನೋ? ಇಷ್ಟು ವರ್ಷವಾದರೂ ನನಗೆ ಖಚಿತವಿಲ್ಲ. ಹೇಮತ್ತೆಗಾಗಿ ಎಂದು ಹೇಳಿಕೊಳ್ಳಲು ಇಷ್ಟ. ಆದರೆ ಆ ರೆಕ್ಕೆ ಬಡಿದ ಸದ್ದು ಕೇಳಿದ ಮೇಲೆಯೇ ನಾನು ಬಾಯಿ ತೆರೆದದ್ದು.

ಮಧ್ಯಾಹ್ನ ಊಟಕ್ಕೆ ಆ ಅರೆದ ಹಿಟ್ಟಿನಿಂದ ಅವ್ವ ರೊಟ್ಟಿ ಮಾಡಿದಳು, ಬರೀ ತೆಂಗಿನಕಾಯಿ ಚಟ್ನಿಗೆ ಅದ್ದಿ ತಿಂದೆವು. ಹೊತ್ತು ಇಳಿಯುವಾಗ ಕೋಳಿಗಳನ್ನು ಗೂಡಿಗೆ ಸೇರಿಸಲು ಅಜ್ಜಿ ಎದ್ದಳು. ಬುಟ್ಟಿಯ ಮೇಲಿನ ಕಲ್ಲು ತೆಗೆದು ಅವಳೇ ಪಟೇಲನನ್ನು ಬಿಟ್ಟಳು. ಅವನು ಮೈ ಕೊಡವಿ, ಏನೂ ಆಗದವನಂತೆ ಕೂಗಿದ. ಹೇಮತ್ತೆ ಮತ್ತು ನಾನು ಮರಿಗಳನ್ನು ಅಟ್ಟುತ್ತಿದ್ದೆವು.

ಗೂಡಿನ ಬಾಗಿಲಿಗೆ ಹಲಗೆ ಇಡುತ್ತಾ ಅಜ್ಜಿ ಹೇಮತ್ತೆಗೆ ಹೇಳಿದಳು, "ನನ್ನನ್ನು ನೋಡ್ಲಿಕ್ಕೆ ಬಂದಾಗ ನಾನು ಗದ್ದೆಯಲ್ಲಿದ್ದೆ. ಕೈಕಾಲು ತೊಳ್ಕೊಂಡು ಬರುವಾಗ ಅವರು ಹೋಗಿ ಆಗಿತ್ತು. ಎಲೆ ಅಡಿಕೆ ಬದಲಾಯಿಸಿ ಮದುವೆ ಗಟ್ಟಿ ಆಗಿತ್ತು." ಹಲಗೆಯನ್ನು ಕೈಯಲ್ಲೇ ಹಿಡಿದು, "ನಿನ್ನ ಅಪ್ಪ ಒಳ್ಳೆಯವರಿದ್ದರು. ಅದು ನನ್ನ ಅದೃಷ್ಟ. ನಾನು ನೋಡಿ ಹೇಳಿದ್ದಲ್ಲ," ಎಂದಳು.

ಹೇಮತ್ತೆ ಹಾಗೆಯೇ ನಿಂತಳು. ಒಂದು ಮರಿ ಅವಳ ಕಾಲಿನ ನಡುವಿನಿಂದ ಹೊರಗೆ ಓಡಿತು, ಹಿಡಿಯಲು ನಾನೇ ಓಡಬೇಕಾಯಿತು.

ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ ಅಪ್ಪನಿಗೆ ಹೇಳಿದಳು. "ಅವಳು ಓದ್ಲಿ. ಎರಡು ವರ್ಷ ಅಲ್ವಾ? ನಾನು ಅಷ್ಟು ಬೇಗ ಎಲ್ಲಿಗೂ ಹೋಗುದಿಲ್ಲ." ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. "ಆಯ್ತು," ಎಂದ. ಅಷ್ಟೇ. ನಮ್ಮ ಮನೆಯಲ್ಲಿ ದೊಡ್ಡ ಮಾತುಗಳು ಹಾಗೆಯೇ ಮುಗಿಯುತ್ತಿದ್ದವು.

ಜೂನಿನಲ್ಲಿ ಮಳೆ ಹಿಡಿಯಿತು. ಹೇಮತ್ತೆಯ ಫಲಿತಾಂಶ ಬಂತು, ಸೀಟೂ ಸಿಕ್ಕಿತು. ಬುಟ್ಟಿಯಿಂದ ಬಿಡುಗಡೆಯಾದ ಪಟೇಲ ಹೆಚ್ಚು ದಿನ ಬದುಕಲಿಲ್ಲ ಎಂಬುದನ್ನೂ ಹೇಳಬೇಕು. ಒದ್ದೆಯಾದ ಬಾಲ ಹೊತ್ತು ಮರ ಹತ್ತಲಾರದೆ ಒಂದು ಸಂಜೆ ಕಾಡುಬೆಕ್ಕಿನ ಬಾಯಿಗೆ ಬಿದ್ದ. ತೋಟದ ಬದಿಯಲ್ಲಿ ಕಪ್ಪುಹಸಿರು ಗರಿಗಳು ಮಾತ್ರ ಸಿಕ್ಕಿದವು. ನಾನು ಅಳುತ್ತೇನೆಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಅಳು ಬರಲಿಲ್ಲ. ಅವನು ಬುಟ್ಟಿಯಡಿಯಲ್ಲಿ ಹೋಗಲಿಲ್ಲ, ಕಾಡುಬೆಕ್ಕಿನ ಎದುರು ಹೋದ ಎಂಬುದೇ ನನಗೆ ದೊಡ್ಡ ಸಮಾಧಾನವಾಗಿತ್ತು.

ಆಮೇಲೆ ನಡೆದದ್ದನ್ನು ನಾನು ಹೇಮತ್ತೆಗೆ ಕಾಗದದಲ್ಲಿ ಬರೆದು ಕಳುಹಿಸಿದೆ, ಕಂಡದ್ದು ಎಡಗಡೆ, ತೋಚಿದ್ದು ಬಲಗಡೆ. ಪಟೇಲ ಹೋದ ಕೆಲವೇ ವಾರಗಳಲ್ಲಿ ಉಗ್ರಾಣಿಯ ಜುಟ್ಟು ಕೆಂಪೇರಿತು. ಅವನು ಅಂಗಳದ ನಡುವೆ ನಿಂತು ಗಂಟಲು ಬಿಟ್ಟು ಕರೆಯತೊಡಗಿದ. ಆ ಸಲ ಮೊಟ್ಟೆ ಒಡೆದು ಬಂದ ಮರಿಗಳು ದೊಡ್ಡವಾಗಿ ಗರಿ ಮೂಡಿದಾಗ, ಹನ್ನೊಂದರಲ್ಲಿ ಮೂರಕ್ಕೆ ಬೂದು ಚುಕ್ಕೆ ಇತ್ತು. ಆ ಮೊಟ್ಟೆಗಳು ಪಟೇಲ ಇದ್ದಾಗಿನವೇ. ಅಜ್ಜಿ ಆ ಮೂರನ್ನೂ ನೋಡಿ, "ಇವನು ಸದ್ದಿಲ್ಲದೆ ಎಂತೆಲ್ಲ ಮಾಡಿದ್ದಾನೆ," ಎಂದು ಎಲೆ ಅಡಿಕೆಯ ಬಾಯಲ್ಲೇ ನಕ್ಕಳು.

ಹೇಮತ್ತೆ ಎಂಎಸ್ಸಿ ಮುಗಿಸಿದಳು, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ತಾನೇ ಮೆಚ್ಚಿದವರೊಬ್ಬರನ್ನು ಒಂದು ದಿನ ಮನೆಗೆ ಕರೆದುಕೊಂಡು ಬಂದಳು. ಈಶ್ವರಮಂಗಲದ ಕಡೆಯವರು, ಸ್ವಲ್ಪ ಉಗ್ಗಿ ಮಾತಾಡುವವರು, ಬಸ್ಸಿನಲ್ಲಿ ಬಂದವರು. ಅಜ್ಜಿ ಅವರಿಗೆ ಕೋಳಿ ಕೊಯ್ದು ಬಡಿಸಿದಳು. ಅದು ಯಾವ ಕೋಳಿ ಎಂದು ನಾನು ಕೇಳಲಿಲ್ಲ. ಆ ಹೊತ್ತಿಗೆ ನಾನೂ ದೊಡ್ಡವಳಾಗಿದ್ದೆ.

ಈಗ ನಾನು ಪುತ್ತೂರಿನಲ್ಲಿದ್ದೇನೆ. ಆಲೆಟ್ಟಿಯ ಮನೆಯನ್ನು ತಮ್ಮ ನೋಡಿಕೊಳ್ಳುತ್ತಾನೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದಾರೆ, ನೋಡಲು ಚೊಕ್ಕಟವಾಗಿದೆ. ಕೋಳಿ ಇಲ್ಲ. ಅಜ್ಜಿ ಹೋದ ಮರುವರ್ಷ ಕೋಳಿಗಳಿಗೆ ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಗೂಡು ಖಾಲಿಯಾಯಿತು. ಬೇಕಾದ ದಿನ ಪೇಟೆಯಿಂದ ಮಾಂಸ ತರುತ್ತಾರೆ. ಅವು ಆರು ವಾರದ ಬಿಳಿ ಕೋಳಿಗಳು, ಆಕಾಶ ನೋಡದವು. ಅವುಗಳಲ್ಲಿ ಯಾವುದೂ ಯಾವುದನ್ನೂ ಆರಿಸುವುದಿಲ್ಲ.

ಕಳೆದ ವರ್ಷ ಹೇಮತ್ತೆ ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟು ಪುತ್ತೂರಿಗೇ ಬಂದಳು. ಇನ್ನು ಊರ ಕೋಳಿ ಸಾಕಬೇಕೆಂದಳು. ನಾವಿಬ್ಬರೂ ಎಲ್ಲೆಲ್ಲೋ ವಿಚಾರಿಸಿದೆವು. ಊರ ಕೋಳಿ ಎಂದು ಹೇಳಿ ಮಾರುವವರು ಬೇಕಷ್ಟು ಇದ್ದಾರೆ, ಹೇಂಟೆಗಳೂ ಸಿಕ್ಕಿದವು. ಮೊದಲ ಸಲ ಮೊಟ್ಟೆ ಕಾವಿಗೆ ಇಡುವ ದಿನ ಅವಳು ಹದಿನೈದು ಮೊಟ್ಟೆ ಮುಂದಿಟ್ಟುಕೊಂಡು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದಳು.

"ಅವ್ವ ಇದರಲ್ಲಿ ಹನ್ನೊಂದು ಮಾತ್ರ ತೆಗೀತಿದ್ಳು," ಎಂದಳು ಅಜ್ಜಿಯನ್ನು ನೆನೆದು. "ಎಂತ ನೋಡಿ ತೆಗೀತಿದ್ಳು?"

ನಾವು ನೆನಪು ಮಾಡಿಕೊಳ್ಳಲು ಕುಳಿತೆವು. ಬಿಳಿ ಕೋಳಿಯದ್ದು ಬೇಡ, ಅದು ಗೊತ್ತು. ತುದಿ ಚೂಪಾದದ್ದನ್ನು ಬದಿಗಿಡುತ್ತಿದ್ದಳೋ, ಉರುಟಾದದ್ದನ್ನೋ? ಯಾವ ಹೇಂಟೆಯ ಮೊದಲ ಮೊಟ್ಟೆಗಳನ್ನು ಬಿಡುತ್ತಿದ್ದಳು? ಕಾವು ಬಿಟ್ಟು ಎದ್ದುಹೋದ ಹೇಂಟೆಯ ಮಗಳ ಮೊಟ್ಟೆಯನ್ನೂ ಇಡುತ್ತಿರಲಿಲ್ಲ ಎಂದು ನನಗೆ ನೆನಪು. ಹೇಮತ್ತೆಗೆ ಹಾಗಲ್ಲ ಎಂದು ನೆನಪು. ಗಿಡುಗ, ಕೀರಿ, ಹೇಂಟೆ, ಅದರ ಮೇಲೆ ಅಜ್ಜಿ, ಅವಳ ಅತ್ತೆ, ಆ ಅತ್ತೆಯ ಅತ್ತೆ, ಇಷ್ಟು ಮಂದಿ ಆರಿಸಿ ಆರಿಸಿ ನಮ್ಮ ಅಂಗಳಕ್ಕೆಂದೇ ಉಳಿಸಿದ ಕೋಳಿಗಳು ಅಜ್ಜಿಯ ಕಾಲದವು.

"ಹುಂಜ ಯಾಕೆ ಕೆಂಪು ಅಂತ ಪುಟಗಟ್ಟಲೆ ಬರ್ದೆ," ಎಂದಳು ಹೇಮತ್ತೆ. "ಅವ್ವ ಪಕ್ಕದಲ್ಲೇ ಕೂತಿದ್ಳು. ಅವಳನ್ನು ಒಂದು ಮಾತು ಕೇಳ್ಲಿಲ್ಲ."

ಕೊನೆಗೆ ನಾವು ಕೈಗೆ ಬಂದ ಹನ್ನೊಂದನ್ನು ತೆಗೆದು ಹೇಂಟೆಯ ಅಡಿಗೆ ಇಟ್ಟೆವು. ಅದು ರೆಕ್ಕೆ ಅಗಲಿಸಿ, ಒಂದೊಂದನ್ನೇ ಕೊಕ್ಕಿನಿಂದ ಒಳಗೆ ಎಳೆದುಕೊಂಡಿತು. ಏಳು ಮರಿಗಳಾದವು, ಎಲ್ಲ ಬಣ್ಣದವು.